ಪೊರಕೆಯೋ, ಸ್ಪ್ಯಾನರೋ?



ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಓದಿ. ಕೊನೇಲಿ ಒಂದು ಸಹಾಯ ಕೇಳಿದೀನಿ, ಅದನ್ನಂತೂ ಬಿಡಬೇಡಿ.

ಈ ಸಲ ಮಹಿಳಾ ದಿನಾಚರಣೆಗೆ ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆ. ಜೊತೇಲಿ ನೆಮ್ಮಾರಿನಿಂದ ನಮ್ಮಕ್ಕನ ಮಗಳೂ ಬಂದಿದ್ದಳು. ವೇದಿಕೆ ಹಿಂದೆ ದೊಡ್ಡ ಬ್ಯಾನರ್. ಅದರಲ್ಲಿ ನೀವೆಲ್ಲ ನೋಡಿರೋ ಚಿತ್ರ: ತಲೆಗೆ ಚುಕ್ಕಿ ಚುಕ್ಕಿ ಕೆಂಪು ವಸ್ತ್ರ ಕಟ್ಟಿ, ನೀಲಿ ಅಂಗಿಯ ತೋಳು ಮಡಚಿ, ಮುಷ್ಟಿ ಎತ್ತಿ ನಿಂತ ಅಮೆರಿಕದ ಹೆಂಗಸು. ಭಾಷಣ ಮಾಡಿದ ಮೇಡಂ ಅದನ್ನ ತೋರಿಸಿ, ಎರಡನೇ ಮಹಾಯುದ್ಧದಲ್ಲಿ ಹೆಂಗಸರು ವಿಮಾನ ಕಾರ್ಖಾನೆಗೆ ಹೋಗಿ ಗಂಡಸರಿಗೆ ಸಮ ಕೆಲಸ ಮಾಡಿದರು, ಅಲ್ಲಿಂದ ಮಹಿಳೆ ಹಿಂತಿರುಗಿ ನೋಡಲೇ ಇಲ್ಲ ಅಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ವಾಪಸ್ ಬರುವಾಗ ಬಸ್ಸಲ್ಲಿ ಹುಡುಗಿ ಕೇಳಿದಳು, “ಚಿಕ್ಕಮ್ಮ, ಆ ಟೈಮಲ್ಲಿ ನಮ್ಮೋರು ಎಂತ ಮಾಡ್ತಿದ್ರು?”

ನನಗೆ ತಕ್ಷಣ ಉತ್ತರ ಹೊಳೀಲಿಲ್ಲ. ಅವಳು ಸುಮ್ಮನೆ ಕೇಳಿದ್ದಲ್ಲ ಅಂತಲೂ ಗೊತ್ತಿತ್ತು. ಯಾಕೆ ಅಂತ ಆಮೇಲೆ ಹೇಳ್ತೀನಿ. ಆವತ್ತಿಂದ ರಾತ್ರಿ ಆಫೀಸಿಂದ ಬಂದ ಮೇಲೆ ಇದನ್ನೇ ಹುಡುಕಿ ಹುಡುಕಿ ಓದಿದೆ. ಓದಿದ್ದನ್ನ ಅವಳಿಗೆ ಹೇಳೋ ಹಾಗೆ ಇಲ್ಲಿ ಬರೀತಿದೀನಿ.

ಮೊದಲು ಆ ಚಿತ್ರದ ವಿಷಯ. ಅದನ್ನ ಬರೆದವನು ಜೆ. ಹೋವರ್ಡ್ ಮಿಲ್ಲರ್. 1943ರಲ್ಲಿ ವೆಸ್ಟಿಂಗ್‌ಹೌಸ್ ಅನ್ನೋ ಕಂಪನಿ ತನ್ನ ಕಾರ್ಖಾನೆಯ ಗೋಡೆಗೆ ಹಚ್ಚೋಕೆ ಬರೆಸಿದ್ದು. ಕೆಲಸಗಾರರು ರಜೆ ಹಾಕದೆ, ಗಲಾಟೆ ಮಾಡದೆ ದುಡೀಲಿ ಅಂತ. ಎರಡು ವಾರ ಗೋಡೆ ಮೇಲಿತ್ತು, ಆಮೇಲೆ ತೆಗೆದರು. ಅದು ಹೋರಾಟದ ಚಿತ್ರ ಅಂತ ಜಗತ್ತಿಗೆಲ್ಲ ಗೊತ್ತಾಗಿದ್ದು 1980ರ ದಶಕದಲ್ಲಿ. ಅಂದರೆ ಮಾಲೀಕ ಬರೆಸಿದ ಚಿತ್ರವನ್ನ ಹೆಂಗಸರು ತಮ್ಮದು ಮಾಡಿಕೊಂಡರು. ಅದರಲ್ಲಿ ನನಗೆ ತಕರಾರಿಲ್ಲ.

ಹೆಂಗಸರು ದುಡಿದಿದ್ದಂತೂ ನಿಜ. ಅಮೆರಿಕದ ವಿಮಾನ ಕಾರ್ಖಾನೆಗಳಲ್ಲಿ ಯುದ್ಧಕ್ಕೆ ಮೊದಲು ಬೆರಳೆಣಿಕೆಯ ಹೆಂಗಸರಿದ್ದರು. 1943ರ ಹೊತ್ತಿಗೆ 3 ಲಕ್ಷಕ್ಕೂ ಹೆಚ್ಚು. ಡೆಟ್ರಾಯಿಟ್ ಹತ್ತಿರ ವಿಲೋ ರನ್ ಅನ್ನೋ ಕಡೆ ಫೋರ್ಡ್ ಕಂಪನಿಯ ಕಾರ್ಖಾನೆ ಬಿ-24 ಲಿಬರೇಟರ್ ಅನ್ನೋ ದೊಡ್ಡ ಬಾಂಬರ್ ವಿಮಾನವನ್ನ ಹೆಚ್ಚುಕಮ್ಮಿ ಗಂಟೆಗೊಂದರಂತೆ ಹೊರಗೆ ತಂದಿತು. ಒಂದು ವಿಮಾನಕ್ಕೆ ಲಕ್ಷಗಟ್ಟಲೆ ರಿವೆಟ್. ಒಬ್ಬಳು ಈ ಕಡೆಯಿಂದ ಗನ್ ಹಿಡಿದು ರಿವೆಟ್ ಹೊಡೆಯೋಳು, ಇನ್ನೊಬ್ಬಳು ಆ ಕಡೆ ಕಬ್ಬಿಣದ ತುಂಡು ಒತ್ತಿ ಹಿಡಿಯೋಳು. ಇಬ್ಬರ ಕೈಯೂ ಒಂದೇ ಲೆಕ್ಕದಲ್ಲಿ ನಡೀಬೇಕು. ನಮ್ಮ ಕಡೆ ಸಸಿ ನೆಟ್ಟಿ ಮಾಡುವಾಗ ಸಾಲಲ್ಲಿ ಒಬ್ಬಳು ತಡ ಮಾಡಿದರೆ ಇಡೀ ಸಾಲು ಸೊಟ್ಟ ಆಗುತ್ತಲ್ಲ, ಹಾಗೆ.

ಆದರೆ ಯಾವ ಹೆಂಗಸರು? ಮೇಡಂ ಅದನ್ನ ಹೇಳಲಿಲ್ಲ.

1941ರಲ್ಲಿ ನಾರ್ತ್ ಅಮೆರಿಕನ್ ಏವಿಯೇಷನ್ ಅನ್ನೋ ವಿಮಾನ ಕಂಪನಿಯ ಅಧ್ಯಕ್ಷ ಬಹಿರಂಗವಾಗಿಯೇ ಹೇಳಿದ: ಕಪ್ಪು ಜನ ಎಷ್ಟೇ ತರಬೇತಿ ಪಡೆದು ಬಂದರೂ ಅವರಿಗೆ ಕಸ ಗುಡಿಸೋ ಕೆಲಸ, ಅಂಥದ್ದೇ ಇತರೆ ಕೆಲಸ ಮಾತ್ರ ಅಂತ. ಇದನ್ನ ಓದಿ ನಾನು ಫೋನು ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಕೂತೆ. ತರಬೇತಿ ಏನೇ ಇರಲಿ, ಪೊರಕೆ. ನಮಗೆ ಹೊಸ ಮಾತಾ ಇದು?

ಅದೇ ವರ್ಷ ಎ. ಫಿಲಿಪ್ ರಾಂಡಾಲ್ಫ್ ಅನ್ನೋ ಕಪ್ಪು ಕಾರ್ಮಿಕ ನಾಯಕ, ಕೆಲಸ ಕೊಡದಿದ್ದರೆ ಸಾವಿರಾರು ಜನ ವಾಷಿಂಗ್ಟನ್‌ಗೆ ನಡೆದು ಬರ್ತೀವಿ ಅಂತ ಸರ್ಕಾರಕ್ಕೆ ಎಚ್ಚರಿಕೆ ಕೊಟ್ಟರು. ಅಧ್ಯಕ್ಷ ರೂಸ್‌ವೆಲ್ಟ್ ಬಗ್ಗಲೇಬೇಕಾಯ್ತು. 1941ರ ಜೂನ್ 25ಕ್ಕೆ 8802ನೇ ಆದೇಶ ಬಂತು. ಯುದ್ಧ ಸಾಮಗ್ರಿ ಕಾರ್ಖಾನೆಗಳಲ್ಲಿ ಬಣ್ಣ, ಧರ್ಮ, ಮೂಲದ ಮೇಲೆ ತಾರತಮ್ಯ ಮಾಡಬಾರದು ಅಂತ. ಗಮನಿಸಿ, ಅದರಲ್ಲಿ ಹೆಣ್ಣು ಗಂಡು ಅನ್ನೋ ತಾರತಮ್ಯದ ಮಾತೇ ಇಲ್ಲ. ಕಪ್ಪು ಹೆಣ್ಣುಮಗಳು ಎರಡು ಬಾಗಿಲ ನಡುವೆ ನಿಂತಳು. ಹೆಂಗಸರ ಸಾಲಲ್ಲಿ ಬಿಳಿಯರು ಮುಂದೆ, ಕಪ್ಪು ಜನರ ಸಾಲಲ್ಲಿ ಗಂಡಸರು ಮುಂದೆ. ದಲಿತ ಹೆಣ್ಣುಮಕ್ಕಳಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಸಂಘಟನೆಗಳ ಒಳಗೂ ಹೇಳಬೇಕಾಗಿಲ್ಲ!

ಆಮೇಲಾಗಿದ್ದು ಕೇಳಿ. ಪೊರಕೆ ಮಾತ್ರ ಅಂದ ಅದೇ ಕಂಪನಿಗೆ 1943ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಟೀನಾ ಹಿಲ್ ಅನ್ನೋ ಕಪ್ಪು ಹೆಣ್ಣುಮಗಳು ಸೇರಿದಳು. ಅದಕ್ಕೆ ಮೊದಲು ಬಿಳಿಯರ ಮನೇಲಿ ಕೆಲಸದವಳು. ಒಳಗೆ ಹೋದ ಮೇಲೂ ಕಷ್ಟದ ಜಾಗಗಳು ಕಪ್ಪು ಜನಕ್ಕೆ, ಹಗುರದ್ದು ಬಿಳಿಯರಿಗೆ. ಆದರೂ ಬಿಡಲಿಲ್ಲ. ಮಗು ಆದಾಗ ಬಿಟ್ಟು, ಮತ್ತೆ ಕರೆ ಬಂದಾಗ ಹೋಗಿ ದಶಕಗಳ ಕಾಲ ಅಲ್ಲೇ ದುಡಿದಳು. ತನ್ನ ಅಕ್ಕತಂಗಿಯರಲ್ಲಿ ಒಬ್ಬಳು ಹೇಳ್ತಿದ್ದ ಮಾತೊಂದನ್ನ ಅವಳು ನೆನೆಸಿಕೊಂಡಿದ್ದಾಳೆ: ಬಿಳಿಯರ ಅಡುಗೆಮನೆಯಿಂದ ನಮ್ಮನ್ನ ಹೊರಗೆ ತಂದವನು ಹಿಟ್ಲರ್ ಅಂತ. ಎಷ್ಟು ಕಹಿ ನೋಡಿ. ತನ್ನ ದೇಶದ ಜನ ಕೊಡದ ಬಿಡುಗಡೆ ದೇಶದ ಶತ್ರುವಿನ ದೆಸೆಯಿಂದ ಬಂತು.

ಈಗ ನಮ್ಮ ಕಡೆಗೆ ಬರೋಣ.

ನಮ್ಮ ಮೈಸೂರು ಸಂಸ್ಥಾನದಲ್ಲೂ ವಿಮಾನ ಕಾರ್ಖಾನೆ ಇತ್ತು. 1940ರ ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ವಾಲ್‌ಚಂದ್ ಹಿರಾಚಂದ್ ಅವರು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸರ್ಕಾರ ಜಾಗ ಕೊಟ್ಟು, ಬಂಡವಾಳವನ್ನೂ ಹಾಕಿತು. 1942ರಲ್ಲಿ ಜಪಾನ್ ಬರ್ಮಾಕ್ಕೆ ಬಂದ ಮೇಲೆ ಭಾರತ ಸರ್ಕಾರ ಅದನ್ನ ತನ್ನ ಕೈಗೆ ತಗೊಂಡಿತು, 1943ರಲ್ಲಿ ಅಮೆರಿಕದ ಸೇನೆಗೆ ಒಪ್ಪಿಸಿತು. ಬರ್ಮಾ, ಚೀನಾ ಕಡೆ ಹಾರಿ ಸವೆದು ಬಂದ ವಿಮಾನಗಳನ್ನ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ ಕಳಿಸೋದು ಅಲ್ಲಿಯ ಕೆಲಸ. ಅದರಲ್ಲಿ ಬಿ-25 ಅನ್ನೋ ವಿಮಾನವೂ ಇತ್ತು. ಅದನ್ನ ಮಾಡಿದ್ದು ಅದೇ ನಾರ್ತ್ ಅಮೆರಿಕನ್ ಕಂಪನಿ. ಟೀನಾ ಹಿಲ್ ಥರದ ಹೆಂಗಸರು ಅಲ್ಲಿ ಜೋಡಿಸಿದ್ದನ್ನ ನಮ್ಮ ಬೆಂಗಳೂರಿನ ಕಾರ್ಮಿಕರು ಇಲ್ಲಿ ಬಿಚ್ಚಿದರು.

ಯುದ್ಧ ಮುಗಿದ ಮೇಲೆ ಇನ್ನೊಂದಾಯ್ತು. ಬಿ-24 ವಿಮಾನಗಳನ್ನ ಅವರು ಕಾನ್ಪುರದಲ್ಲಿ ಕೆಡಿಸಿ ಗುಜರಿ ಹಾಕಿ ಹೋದರು. ಅದರಲ್ಲಿ ಸುಮಾರು 40ನ್ನ ಬೆಂಗಳೂರಿನ ಈ ಕಾರ್ಖಾನೆ ಮತ್ತೆ ಹಾರೋ ಹಾಗೆ ಮಾಡಿತು. ನಮ್ಮ ವಾಯುಪಡೆ 1968ರವರೆಗೆ ಅವುಗಳನ್ನ ಬಳಸಿತು. ಅಮೆರಿಕದ ಹೆಂಗಸರು ಹೊಡೆದ ರಿವೆಟ್ಟು ನಮ್ಮ ಆಕಾಶದಲ್ಲಿ 20 ವರ್ಷ ಹಾರಿದೆ.

ಮತ್ತೆ ನಮ್ಮ ಹೆಂಗಸರು?

ಯುದ್ಧಕ್ಕೆ ಅವರ ಕೈಯೂ ಹೋಗಿದೆ. ವಿಮಾನದಿಂದ ಧುಮುಕುವವನ ಪ್ಯಾರಾಚೂಟ್‌ಗೆ ರೇಷ್ಮೆ ಬೇಕು. ಜಪಾನಿನ ರೇಷ್ಮೆ ನಿಂತುಹೋದಾಗ ಮೈಸೂರು ಸೀಮೆಯ ರೇಷ್ಮೆಗೆ ಎಲ್ಲಿಲ್ಲದ ಬೇಡಿಕೆ ಬಂತು. ಫಿಲೇಚರ್‌ಗಳಲ್ಲಿ ಕುದಿನೀರಿನ ಬೇಸಿನ್ ಮುಂದೆ ಕೂತು, ಬೆಂದ ಗೂಡಿನಿಂದ ಎಳೆ ಹುಡುಕಿ ತೆಗೆಯೋದು ಬಡ ಹೆಂಗಸರ ಕೆಲಸ. ಬೆರಳ ಸಂದಿ ಕೊಳೆತು ಹುಣ್ಣಾಗುತ್ತೆ. ಅವರನ್ನ ಯಾರೂ ಬ್ಯಾನರಿಗೆ ಹಾಕಿಲ್ಲ. ನಮ್ಮ ಮಲೆನಾಡಿನ ಕಾಡು ಇದ್ದಿಲಾಗಿ ಭದ್ರಾವತಿಯ ಕಬ್ಬಿಣದ ಕುಲುಮೆಗೆ ಹೋಯ್ತು. ನರಸಿಂಹರಾಜಪುರದಿಂದ ತರೀಕೆರೆಗೆ ಹೋಗ್ತಿದ್ದ ಟ್ರಾಮ್ ರೈಲಲ್ಲಿ ಇಲ್ಲಿಯ ಮರ ಹೋಯ್ತು. ಕಡಿದೋರು, ಸುಟ್ಟೋರು, ಹೊತ್ತೋರು ಕೂಲಿಗಳು.

ನಮ್ಮಜ್ಜಿ ಆಗ ಹದಿನಾಲ್ಕು ಹದಿನೈದು ವರ್ಷದ ಹುಡುಗಿ. ಅವರಪ್ಪ ಒಡೆಯರ ಮನೆಗೆ ಮೂಲದಾಳು. ಅಪ್ಪ ಮಾಡಿದ ಸಾಲಕ್ಕೆ ಮಕ್ಕಳೂ ಆಳು. ಅಜ್ಜಿ ದಿನಾ ಸೊಪ್ಪಿನ ಬೆಟ್ಟಕ್ಕೆ ಹೋಗಿ ಸೊಪ್ಪು ಕಡಿದು, ಹೊರೆ ಹೊತ್ತು ಒಡೆಯರ ಕೊಟ್ಟಿಗೆಗೆ ಹಾಕಬೇಕು. ಆ ಗೊಬ್ಬರವನ್ನೇ ಬುಟ್ಟೀಲಿ ಹೊತ್ತು ಅಡಿಕೆ ತೋಟಕ್ಕೆ ಹಾಕಬೇಕು. ಕೂಲಿ ಭತ್ತ. ಅಂಗಳದ ಅಂಚಲ್ಲಿ ನಿಂತು ಸೆರಗು ಒಡ್ಡಬೇಕು. ಯುದ್ಧ ಅಂದರೆ ಅಜ್ಜಿಗೆ ‘ಕಂಟ್ರೋಲು’. “ಕಂಟ್ರೋಲಲ್ಲಿ ಸೀಮೆಎಣ್ಣೆ ಇಲ್ಲ, ಬಟ್ಟೆ ಇಲ್ಲ. ನಾನು, ನಮ್ಮವ್ವ ಇಬ್ಬರಿಗೂ ಒಂದೇ ಸೀರೆ ಕಣೇ. ಅವಳು ಹೊರಗೆ ಹೋದ್ರೆ ನಾನು ಒಳಗೆ” ಅಂತಿದ್ದಳು. ಒಂದಿನ ಸೊಪ್ಪಿನ ಹೊರೆ ತಲೆ ಮೇಲಿದ್ದಾಗ ಮೇಲೆ ವಿಮಾನ ಹೋಯ್ತಂತೆ. ಶಬ್ದ ಕೇಳಿತಂತೆ, ತಲೆ ಎತ್ತೋಕೆ ಆಗಲಿಲ್ಲವಂತೆ. ಹೊರೆ ಇತ್ತಲ್ಲ. ಅಜ್ಜಿ ಇದನ್ನ ನಗ್ತಾ ಹೇಳ್ತಿದ್ದಳು, ನಾವೂ ನಗ್ತಿದ್ವಿ.

ಇಲ್ಲಿಂದ ಬೆಂಗಳೂರಿನ ಆ ಕಾರ್ಖಾನೆ ಎಷ್ಟು ದೂರ? ಕಿಲೋಮೀಟರಲ್ಲಿ ಅಳೆದರೆ ಒಂದು ರಾತ್ರಿಯ ದಾರಿ. ಆದರೆ ಸ್ಪ್ಯಾನರ್ ಹಿಡಿಯೋಕೆ ಅಳತೆ ಓದೋಕೆ ಬರಬೇಕು, ಅಳತೆ ಓದೋಕೆ ಶಾಲೆಗೆ ಹೋಗಿರಬೇಕು, ಶಾಲೆಗೆ ಹೋಗೋಕೆ ಒಡೆಯ ಬಿಡಬೇಕು. ನಾಲ್ವಡಿ ಕೃಷ್ಣರಾಜರ ಕಾಲದಲ್ಲೇ ಸರ್ಕಾರಿ ಶಾಲೆ ಎಲ್ಲರಿಗೂ ಅಂತ ಆಗಿತ್ತು. ಮೂಲದಾಳಿನ ಮಗಳಿಗೆ ಅದು ಮುಟ್ಟಲಿಲ್ಲ. ಜೀತ ಕಾನೂನಿನಲ್ಲಿ ರದ್ದಾಗಿದ್ದೇ 1976ರಲ್ಲಿ. ಅಷ್ಟೊತ್ತಿಗೆ ಅಜ್ಜಿ ಮೊಮ್ಮಕ್ಕಳನ್ನ ಕಾಣೋ ವಯಸ್ಸಿಗೆ ಬಂದಿದ್ದಳು.

ಅದೇ ಯುದ್ಧದ ಕಾಲಕ್ಕೆ ದೆಹಲೀಲಿ ಒಬ್ಬರು ಕೂತಿದ್ದರು. 1942ರ ಜುಲೈನಿಂದ 1946ರವರೆಗೆ ಬಾಬಾಸಾಹೇಬರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರು. ನಾವು ಸಂವಿಧಾನದ ಬಾಬಾಸಾಹೇಬರನ್ನ ನೆನೆಸಿಕೊಳ್ಳೋಷ್ಟು ಈ ನಾಲ್ಕು ವರ್ಷಗಳನ್ನ ನೆನೆಸಿಕೊಳ್ಳೋದಿಲ್ಲ. ಅವರು ಆ ಖಾತೆಗೆ ಬಂದ ತಿಂಗಳಲ್ಲೇ, ಜುಲೈ 20ಕ್ಕೆ, ನಾಗ್ಪುರದಲ್ಲಿ ದಲಿತ ಮಹಿಳೆಯರ ಸಮ್ಮೇಳನ. ಸಾವಿರಾರು ಹೆಣ್ಣುಮಕ್ಕಳು. ಅಧ್ಯಕ್ಷತೆ ಸುಲೋಚನಾಬಾಯಿ ಡೋಂಗ್ರೆ ಅವರದ್ದು.

ಯುದ್ಧದ ಕಾರ್ಖಾನೆಗಳಿಗೆ ಕುಶಲ ಕೆಲಸಗಾರರನ್ನ ತಯಾರು ಮಾಡೋ ತಾಂತ್ರಿಕ ತರಬೇತಿ ಯೋಜನೆ ಅವರ ಖಾತೆಯದ್ದೇ. ಉದ್ಯೋಗ ವಿನಿಮಯ ಕೇಂದ್ರಗಳು ಬಂದಿದ್ದೂ ಅವರ ಕಾಲದಲ್ಲಿ. 1943ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರದ ನೌಕರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇಕಡಾ 8.33 ಮೀಸಲಾತಿ ಬಂತು. 1946ರಲ್ಲಿ ಕಾರ್ಖಾನೆ ಕೆಲಸ ವಾರಕ್ಕೆ 54 ಗಂಟೆಯಿಂದ 48ಕ್ಕೆ ಇಳೀತು. ಇವತ್ತು ನಾನು ಆಫೀಸಲ್ಲಿ ಕುರ್ಚಿ ಮೇಲೆ ಕೂತು ಫೈಲು ಬರೆಯೋದಕ್ಕೂ ಆ ವರ್ಷಗಳಿಗೂ ಸಂಬಂಧ ಇದೆ.

ಒಂದು ಕಷ್ಟದ ವಿಷಯವನ್ನೂ ಹೇಳಬೇಕು, ಮುಚ್ಚಿಡಬಾರದು. 1943ರಲ್ಲಿ ಯುದ್ಧಕ್ಕೆ ಕಲ್ಲಿದ್ದಲು ಸಾಲದೆ ಬಂದು, ಹೆಂಗಸರು ಗಣಿಯ ಒಳಗೆ ಇಳಿಯಬಾರದು ಅನ್ನೋ ನಿಷೇಧವನ್ನ ಸರ್ಕಾರ ತೆಗೀತು. ಮಹಿಳಾ ಸಂಘಟನೆಗಳು ಬಲವಾಗಿ ವಿರೋಧಿಸಿದವು. 1944ರ ಫೆಬ್ರವರಿಯಲ್ಲಿ ಶಾಸನಸಭೆಯಲ್ಲಿ ಅದಕ್ಕೆ ಉತ್ತರ ಹೇಳಬೇಕಾದವರು ಬಾಬಾಸಾಹೇಬರು. ತುರ್ತಿನ ಕ್ರಮ ಅಂತ ಸಮರ್ಥಿಸಿಕೊಂಡರು. ಜೊತೆಗೇ, ಒಳಗೆ ಇಳಿಯೋ ಹೆಂಗಸಿಗೆ ಗಂಡಸಿನಷ್ಟೇ ಕೂಲಿ ಅನ್ನೋ ತತ್ವ ಇಲ್ಲಿ ಮೊದಲ ಸಲ ಜಾರಿಗೆ ಬಂದಿದೆ ಅಂತ ಸದನದಲ್ಲಿ ಹೇಳಿದರು. ಗಣಿ ಹೆಂಗಸರ ಹೆರಿಗೆ ಭತ್ಯೆ ಕಾನೂನಿನ ತಿದ್ದುಪಡಿಯನ್ನೂ ತಂದರು. 1946ರಲ್ಲಿ ನಿಷೇಧ ವಾಪಸ್ ಬಂತು. ಹೆಂಗಸರನ್ನ ಆ ಕತ್ತಲೆಗೆ ಇಳಿಸಿದ್ದು ಸರಿಯಾ ಅಂತ ಇವತ್ತೂ ಚರ್ಚೆ ಮಾಡಬಹುದು, ಮಾಡೋಣ. ನನಗೆ ಮುಖ್ಯ ಅನಿಸಿದ್ದು ಬೇರೆ. ಯುದ್ಧ ಹೆಂಗಸರ ಕೈ ಬೇಡಿದಾಗ ಎಲ್ಲ ದೇಶದವರೂ ಹೊಗಳಿ ಚಿತ್ರ ಬರೆಸಿದರು. ಆ ಕೈಗೆ ಎಷ್ಟು ಕೂಲಿ, ಹೆರಿಗೆ ಆದರೆ ಏನು ಗತಿ ಅಂತ ಕೇಳಿ ಕಾಗದದ ಮೇಲೆ ಬರೆಸಿದವರು ಕಡಿಮೆ.

ಅಮೆರಿಕದಲ್ಲಿ 1945ರಲ್ಲಿ ಯುದ್ಧ ಮುಗೀತು, ಲಕ್ಷಾಂತರ ಹೆಂಗಸರನ್ನ ಮನೆಗೆ ಕಳಿಸಿದರು. ಮುಷ್ಟಿ ಎತ್ತಿದ ಚಿತ್ರ ಅವರನ್ನ ಉಳಿಸಲಿಲ್ಲ. ಹೊಗಳಿಕೆಗೆ ಅವಧಿ ಇರುತ್ತೆ, ಯುದ್ಧ ಇರೋವರೆಗೆ. ಆದೇಶಕ್ಕೆ ನಂಬರ್ ಇರುತ್ತೆ. ನಾನು ಗುಮಾಸ್ತೆ, ನನಗೆ ನಂಬರಿನ ಬೆಲೆ ಗೊತ್ತು. ನಂಬರ್ ಇದ್ದರೆ ನಾಳೆ ಅರ್ಜಿ ಬರೀಬಹುದು.

ಈಗ ನಮ್ಮ ಹುಡುಗಿ ಯಾಕೆ ಕೇಳಿದಳು ಅನ್ನೋದಕ್ಕೆ ಬರ್ತೀನಿ.

ಅವಳು ಐಟಿಐ ಮಾಡಿದಾಳೆ, ಫಿಟ್ಟರ್ ಟ್ರೇಡು. ಕ್ಲಾಸಲ್ಲಿ ಹುಡುಗೀರು ಎರಡೇ ಜನ. ಊರಲ್ಲಿ ಅಡಿಕೆ ಸುಲಿಯೋ ಮೆಷಿನ್ ಕೆಟ್ಟರೆ ಈಗ ಇವಳನ್ನೇ ಕರೀತಾರೆ. ಬೇರಿಂಗ್ ಹೋಗಿದೆಯಾ, ಬೆಲ್ಟ್ ಸಡಿಲ ಆಗಿದೆಯಾ ಅಂತ ಶಬ್ದದಲ್ಲೇ ಹೇಳ್ತಾಳೆ. ಅಜ್ಜಿ ಸೆರಗು ಒಡ್ಡಿ ನಿಂತಿದ್ದಂಥ ಅಂಗಳದ ನಡುವೆಯೇ ಕೂತು ರಿಪೇರಿ ಮಾಡ್ತಾಳೆ. ಕೆಲಸ ಆದ ಮೇಲೆ ಚಾ ಮಾತ್ರ ಇವಳಿಗೆ ಪೇಪರ್ ಲೋಟದಲ್ಲಿ, ಉಳಿದೋರಿಗೆ ಸ್ಟೀಲು. ಅದು ಇನ್ನೂ ರಿಪೇರಿ ಆಗಿಲ್ಲ.

ಹೋದ ವರ್ಷ ಒಂದು ಕಾರ್ಖಾನೆಗೆ ಇಂಟರ್‌ವ್ಯೂಗೆ ಹೋದಳು. ಹೆಸರು ಬೇಡ. ಸರ್ಟಿಫಿಕೇಟ್ ನೋಡಿದರು, ಅಂಕ ಚೆನ್ನಾಗಿದೆ ಅಂದರು. ಆಮೇಲೆ ಅಡ್ರೆಸ್ ನೋಡಿ, “ಕಾಲೋನಿ ಅಂದ್ರೆ?” ಅಂತ ಕೇಳಿದರು. ಇವಳು ಹೇಳಿದಳು. ಫಿಟ್ಟರ್ ಪೋಸ್ಟು ಸದ್ಯಕ್ಕೆ ಭರ್ತಿ ಆಗಿದೆ, ಹೌಸ್‌ಕೀಪಿಂಗ್‌ನಲ್ಲಿ ಇದೆ, ಸೇರ್ಕೊ, ಆಮೇಲೆ ನೋಡೋಣ ಅಂದರಂತೆ. ಜೊತೇಲಿ ಹೋದ ಬೇರೆ ಹುಡುಗನಿಗೆ ಅವತ್ತೇ ಫಿಟ್ಟರ್ ಕೆಲಸ ಆಯ್ತು. ಇವಳಿಗಿಂತ ಅವನ ಅಂಕ ಕಡಿಮೆ.

ಮನೆಗೆ ಬಂದು ಸರ್ಟಿಫಿಕೇಟನ್ನ ಟ್ರಂಕಲ್ಲಿ ಹಾಕಿದವಳು ಮತ್ತೆ ತೆಗೀಲಿಲ್ಲ. ನಮ್ಮ ಭಾವ, ಹೋಗ್ಲಿ ಬಿಡು, ಇಲ್ಲೇ ತೋಟದ ಕೆಲಸ ಇದೆ, ಮದುವೆ ಮಾಡೋಣ ಅಂತಿದ್ದರು. ಅವರಿಗೂ ಮಗಳು ಮತ್ತೆ ಅವಮಾನ ಪಟ್ಕೊಂಡು ಬರೋದನ್ನ ನೋಡೋ ಧೈರ್ಯ ಇಲ್ಲ. ನಾನೇ ಜಗಳ ಮಾಡಿ, ಆನ್‌ಲೈನಲ್ಲಿ ಅಪ್ರೆಂಟಿಸ್ ಅರ್ಜಿ ಹಾಕಿಸಿದ್ದೆ. ಮಹಿಳಾ ದಿನಾಚರಣೆಗೆ ಎರಡು ದಿನ ಮೊದಲು ಬೆಂಗಳೂರಿಂದ ಕರೆ ಬಂತು. ವಿಮಾನದ ಬಿಡಿಭಾಗ ಮಾಡೋ ಕಾರ್ಖಾನೆ. ಒಂದು ವರ್ಷದ ಅಪ್ರೆಂಟಿಸ್. ಆ ಬ್ಯಾನರ್ ನೋಡಿ ಅವಳು ಕೇಳಿದ್ದು ಅದಕ್ಕೆ.

ಬಸ್ಸಲ್ಲಿ ಕೊಡಲಾಗದ ಉತ್ತರವನ್ನ ಮೊನ್ನೆ ಭಾನುವಾರ ನೆಮ್ಮಾರಿಗೆ ಹೋಗಿ ಹೇಳಿದೆ. ಅಂಗಳದಲ್ಲಿ ಕೂತು ಟೀನಾ ಹಿಲ್ ಕಥೆ, ಅಜ್ಜಿ ಕಥೆ, ಎಲ್ಲ. ಅಕ್ಕ ಅಕ್ಕಿ ಆರಿಸ್ತಾ ಕೇಳ್ತಿದ್ದಳು. ಭಾವ ಸುಮ್ಮನಿದ್ದರು. ಕೊನೆಗೆ ಹುಡುಗಿ ಕೇಳಿದ್ದು ಒಂದೇ: “ಅಲ್ಲೂ ಪೊರಕೆ ಕೊಟ್ರೆ ಎಂತ ಮಾಡೋದು ಚಿಕ್ಕಮ್ಮ?”

ಈ ಸಲ ಉತ್ತರ ಇತ್ತು. ಇದನ್ನ ಎಲ್ಲರೂ ಗುರುತು ಹಾಕ್ಕೊಳ್ಳಿ. ಖಾಸಗಿ ಕಂಪನಿಯ ನೌಕರಿಯಲ್ಲಿ ನಮಗೆ ಮೀಸಲಾತಿ ಇಲ್ಲ, ನಿಜ. ಆದರೆ ಅಪ್ರೆಂಟಿಸ್ ತರಬೇತಿಯಲ್ಲಿ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯ 3ಎ ಕಲಂ. ಗೊತ್ತುಪಡಿಸಿದ ಪ್ರತಿ ಟ್ರೇಡಲ್ಲೂ ಮಾಲೀಕ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಕ್ಕೆ ತರಬೇತಿ ಜಾಗ ಮೀಸಲಿಡಬೇಕು. ಮಾಲೀಕ ಸರ್ಕಾರ ಆಗಿರಲಿ, ಖಾಸಗಿ ಆಗಿರಲಿ. ಸೇರುವಾಗ ಕರಾರುಪತ್ರ ಆಗುತ್ತೆ. ಅದರಲ್ಲಿ ಟ್ರೇಡು ಯಾವುದು ಅಂತ ಬರೆದಿರುತ್ತೆ. ಫಿಟ್ಟರ್ ಅಂತ ಬರೆದ ಮೇಲೆ ಫಿಟ್ಟರ್ ಕೆಲಸವನ್ನೇ ಕಲಿಸಬೇಕು. ಪೊರಕೆ ಕೊಟ್ಟರೆ ಆ ಪತ್ರದ ನಕಲು ನನಗೆ ವಾಟ್ಸ್‌ಆಪ್ ಮಾಡು, ಅರ್ಜಿ ಬರೆಯೋದು ನನ್ನ ಕೆಲಸ ಅಂದೆ.

ಅವಳು ನಗಲಿಲ್ಲ. ಎದ್ದು ಒಳಗೆ ಹೋಗಿ ಟ್ರಂಕು ಎಳೆದ ಶಬ್ದ ಕೇಳಿತು. ಭಾವ ನನ್ನ ಕಡೆ ತಿರುಗಿ, “ಉಳ್ಕೊಳ್ಳೋಕೆ ಎಂತ ವ್ಯವಸ್ಥೆ ನೋಡಿದ್ಯಾ?” ಅಂದರು. ಭಾವ ಒಪ್ಪಿಗೆ ಕೊಡೋ ರೀತಿ ಅದು.

ಹಾಗಾಗಿ ಈಗ ನಿಮ್ಮ ಸಹಾಯ ಬೇಕು.

ಮುಂದಿನ ಸೋಮವಾರ ಅವಳು ಸೇರಬೇಕು. ಬೆಂಗಳೂರಲ್ಲಿ ಇರೋ ಬಂಧುಗಳೇ, ದೇವನಹಳ್ಳಿ ಕಡೆ ಹೆಣ್ಣುಮಕ್ಕಳ ಪಿಜಿ ಅಥವಾ ಬಾಡಿಗೆ ರೂಮು ಗೊತ್ತಿದ್ದರೆ ಇನ್‌ಬಾಕ್ಸಿಗೆ ಹಾಕಿ. ಬಾಡಿಗೆ ಎಷ್ಟು ಅಂತ ಕೇಳೋ ಮೊದಲು “ನೀವು ಯಾವ ಜನ?” ಅಂತ ಕೇಳದ ಮನೆ ಆದರೆ ಸಾಕು. ಊಟ ತಿಂಡಿಗೆ ತಕರಾರು ಇರಬಾರದು. ಅಪ್ರೆಂಟಿಸ್‌ಗೆ ಸಿಗೋದು ಸಂಬಳ ಅಲ್ಲ, ಸ್ಟೈಪೆಂಡು, ಅದನ್ನೂ ಗಮನದಲ್ಲಿಟ್ಟುಕೊಳ್ಳಿ.

ಇನ್ನೊಂದು. ಕೊಪ್ಪ, ಶೃಂಗೇರಿ, ಎನ್.ಆರ್. ಪುರ ತಾಲೂಕಲ್ಲಿ ಐಟಿಐ ಪಾಸಾಗಿ ಸರ್ಟಿಫಿಕೇಟ್ ಟ್ರಂಕಲ್ಲಿಟ್ಟ ನಮ್ಮ ಮಕ್ಕಳು ಇನ್ನೂ ಎಷ್ಟೋ ಜನ ಇದ್ದಾರೆ. ಅವರ ಹೆಸರು, ಟ್ರೇಡು, ಪಾಸಾದ ವರ್ಷ ಕಳಿಸಿ. ಜಾತಿ ಪ್ರಮಾಣಪತ್ರ ತಯಾರಿರಲಿ. ಭಾನುವಾರ ಭಾನುವಾರ ನಾನು ಕೂತು ಅರ್ಜಿ ಹಾಕಿಸಿಕೊಡ್ತೀನಿ. ದುಡ್ಡು ಕಾಸು ಏನೂ ಬೇಡ. ಬರುವಾಗ ಮೊಬೈಲು ಚಾರ್ಜ್ ಮಾಡ್ಕೊಂಡು ಬನ್ನಿ, ಒಟಿಪಿ ಬರೋ ನೆಟ್‌ವರ್ಕ್ ಸಿಗೋ ಜಾಗ ನಾನು ತೋರಿಸ್ತೀನಿ.

ಜೈಭೀಮ್.